ನಮ್ಮ ಮನೆಗೆ ಆಗಿಬರದ ಹಲ್ಲಿನ ಡಾಕ್ಟರು

ಒಂದೊಂದು ಮನೆತನಕ್ಕೆ ಒಂದೊಂದು ಆಗಿಬರುವುದಿಲ್ಲ. ನಮ್ಮ ಬೆಟಗೇರಿಯ ಓಣಿಯಲ್ಲೇ ನೋಡಿ. ಎಡಗಡೆ ಮನೆಯವರಿಗೆ ಹಪ್ಪಳ ಆಗಿಬರುವುದಿಲ್ಲ. ಬೇರೆಯವರು ಮಾಡಿಕೊಟ್ಟರೆ ಬುಟ್ಟಿಗಟ್ಟಲೆ ತಿನ್ನಬಹುದು, ಆದರೆ ತಾವು ಲಟ್ಟಿಸುವಂತಿಲ್ಲ. ಎದುರು ಮನೆಯವರು ಹಿತ್ತಲಲ್ಲಿ ನುಗ್ಗೆ ಗಿಡ ಹಚ್ಚುವುದಿಲ್ಲ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. "ಹಿರ್ಯಾರು ಹಾಕಿದ ಪದ್ಧತಿರೀ, ನಾವು ನಡಿಸ್ಕೊಂತ ಹೊಂಟೇವಿ" ಅನ್ನುತ್ತಾರೆ. ಆ ಹಿರಿಯರನ್ನೇ ಕೇಳೋಣವೆಂದರೆ ಅವರು ಕುಂಕುಮ ಹಚ್ಚಿಸಿಕೊಂಡು ಗೋಡೆಯ ಮೇಲೆ ಫೋಟೋ ಆಗಿ ಕೂತಿರುತ್ತಾರೆ. ನಮ್ಮ ಮನೆತನಕ್ಕೆ ಆಗಿಬರದೇ ಇದ್ದದ್ದು ಹಲ್ಲಿನ ಡಾಕ್ಟರು. ಜ್ವರ ಬಂದರೆ ದವಾಖಾನೆಗೆ ಹೋಗುತ್ತಿದ್ದೆವು, ಕಣ್ಣಿಗೆ ಪೊರೆ ಬಂದರೆ ಆಪರೇಶನ್ ಮಾಡಿಸುತ್ತಿದ್ದೆವು, ಆದರೆ ಹಲ್ಲು ಎಷ್ಟೇ ನೋಯಲಿ, ಲವಂಗ ಕಚ್ಚಿ ಗೋಡೆಗೆ ಮುಖ ಮಾಡಿ ಮಲಗುವುದೇ ನಮ್ಮ ಪದ್ಧತಿ. ಉಳಿದವರ ಪದ್ಧತಿಗೂ ನಮ್ಮ ಪದ್ಧತಿಗೂ ಒಂದೇ ವ್ಯತ್ಯಾಸ. ನಮ್ಮದನ್ನು ಹಾಕಿಕೊಟ್ಟ ಹಿರಿಯ ಇನ್ನೂ ಬದುಕಿದ್ದಾನೆ. ದಿನಾ ಎರಡು ಮಗ್ಗ ನಡೆಸುತ್ತಾನೆ, ಸಂಜೆ ಮಿರ್ಚಿ ತಿನ್ನುತ್ತಾನೆ. ಅವನು ನಾನೇ. ಪದ್ಧತಿ ಹಾಕಿದಾಗ ನನಗೆ ಹದಿನಾಲ್ಕು ವರ್ಷ.

ನಾನು ಹೆಚ್ಚು ಓದಿದವನಲ್ಲ. ಏಳನೆಯ ತರಗತಿ ಮುಗಿದ ಮೇಲೆ ಅಪ್ಪ ನನ್ನನ್ನು ಕೈಮಗ್ಗದ ಕೆಲಸಕ್ಕೆ ಹಚ್ಚಿದ. ಆಗ ಮನೆಯ ನಡುಮನೆಯಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗವಿತ್ತು. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಾಲಡಿಯ ತುಳಿಗೆ ತುಳಿದು, ಮೇಲೆ ತೂಗುವ ಹಗ್ಗ ಎಳೆದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತಿತ್ತು. ಲಾಳಿಯೆಂದರೆ ನೂಲಿನ ಉಂಡಿಗೆ ಹೊತ್ತುಕೊಂಡು ಓಡುವ ಗೇಣುದ್ದದ ಕಟ್ಟಿಗೆ. ಎರಡೂ ತುದಿಗೆ ಕಬ್ಬಿಣದ ಮೊನೆ. ಕಾಲು ಸರಿಯಾಗಿ ತುಳಿಯದೆ ಹಗ್ಗ ಜಗ್ಗಿದರೆ ಅದು ದಾರಿ ಬಿಟ್ಟು ಹೊರಗೆ ಹಾರುತ್ತದೆ. ಅದಕ್ಕೇ ಅಪ್ಪ ನನಗೆ ಉಂಡಿಗೆ ಸುತ್ತುವ ಕೆಲಸ ಮಾತ್ರ ಕೊಟ್ಟಿದ್ದ, ಹಗ್ಗ ಮುಟ್ಟಬಾರದೆಂದು ಹೇಳಿದ್ದ. ಒಂದು ಮಧ್ಯಾಹ್ನ ಅಪ್ಪ ಉಣ್ಣಲು ಎದ್ದು ಹೋದ. ನಾನು ಕುಣಿಗೆ ಇಳಿದೆ. ತಂಗಿ ಸಾವಿತ್ರಿ, ಒಂಬತ್ತು ವರ್ಷದವಳು, ಮಗ್ಗದ ಪಕ್ಕದಲ್ಲಿ ಕೂತು ನೂಲು ಬಿಡಿಸುತ್ತಿದ್ದಳು. "ಅಪ್ಪ ಬೈತಾನ ನೋಡ್" ಅಂದಳು. "ನೀ ಸುಮ್ಕ ಕುಂಡ್ರು, ನಂಗ ಬರ್ತೈತಿ" ಅಂದೆ. ಆ ವಯಸ್ಸಿನಲ್ಲಿ ನನಗೆ ಬಾರದ್ದು ಯಾವುದೂ ಇರಲಿಲ್ಲ. ಹಗ್ಗ ಜಗ್ಗಿದೆ. ಲಾಳಿ ನೇರವಾಗಿ ಅವಳ ಬಾಯಿಗೆ ಹೋಗಿ ಬಡಿಯಿತು.

ಹಲ್ಲು ಬೀಳಲಿಲ್ಲ. ತುಟಿ ಒಡೆದು ಬಾತುಕೊಂಡಿತು. ನಲ್ಲಿಯ ಕಟ್ಟೆಯ ಮೇಲೆ ಜಾರಿ ಬಿದ್ದೆ ಅಂತ ಅವ್ವನ ಮುಂದೆ ಹೇಳು ಅಂತ ತಂಗಿಯನ್ನು ಬೇಡಿಕೊಂಡೆ. ವಾರದ ತನಕ ದಿನಕ್ಕೊಂದು ಲಿಂಬಿಹುಳಿ ಪೆಪ್ಪರಮಿಂಟು ಕೊಡುತ್ತೇನೆಂದು ಆಣೆ ಮಾಡಿದೆ. ಹಾಗೇ ಹೇಳಿದಳು. ತುಟಿಯಿಂದ ರಕ್ತ ಸೋರುತ್ತಿರುವಾಗ ಒಂದು ಮಗು ಅಣ್ಣನಿಗಾಗಿ ಸುಳ್ಳು ಹೇಳಿದ್ದು ನೆನಪಾದರೆ ಈಗಲೂ ಉಣ್ಣುತ್ತಿದ್ದ ತಾಟು ಸರಿಸಿ ಎದ್ದುಬಿಡುತ್ತೇನೆ. ಪೆಪ್ಪರಮಿಂಟು ಕೊಟ್ಟದ್ದು ಮೂರೇ ದಿನ. ಅದನ್ನೂ ಹೇಳಿಬಿಡುತ್ತೇನೆ.

ಐದಾರು ತಿಂಗಳಿಗೆ ಆ ಮುಂದಿನ ಹಲ್ಲು ಕಪ್ಪಾಯಿತು, ಒಸಡು ಕೀವಾಯಿತು. ಅದು ಮದುವೆಯ ಹಂಗಾಮು, ಅಪ್ಪ ಸೀರೆ ಮುಗಿಸಿ ಕೊಡಬೇಕಿತ್ತು. "ಗದಗಿನ್ಯಾಗ ಹಲ್ಲಿನ ಡಾಕ್ಟರು ಅದಾರ, ತೋರಿಸ್ಕೊಂಡ್ ಬಾ ಹೋಗಪಾ" ಅಂತ ನನ್ನ ಜೊತೆಗೇ ಕಳಿಸಿದ. ಡಾಕ್ಟರು ವಯಸ್ಸಾದವರು, ಮೃದು ಮಾತಿನವರು. ಅವರ ಮುಂದೆಯೂ ನಾವು ಕಟ್ಟೆಯ ಮೇಲೆ ಬಿದ್ದ ಕತೆಯನ್ನೇ ಹೇಳಿದೆವು. ಹಲ್ಲು ನೋಡಿ, "ಇದಕ್ಕ ಪೆಟ್ಟು ಬಿದ್ದು ಭಾಳ ದಿನ ಆಗೇತಿ, ಹಲ್ಲು ಸತ್ತು ಹೋಗೇತಿ, ತಗೀಲಿಕ್ಕೇ ಬೇಕು" ಅಂದರು. ತೆಗೆದರು. ಆಮೇಲೆ ನನ್ನನ್ನು ಒಂದು ಕಡೆ ಕರೆದು, "ಕಟ್ಟಿ ಮ್ಯಾಲೆ ಬಿದ್ರ ಹಿಂಗ ಆಗಂಗಿಲ್ಲ ತಮ್ಮಾ. ಏನೋ ಚೂಪಂದು ಬಡದೈತಿ. ನಿಮ್ಮ ಅಪ್ಪಗ ಒಮ್ಮೆ ಬಂದು ಹೋಗಂತ ಹೇಳು" ಅಂದರು. ಗದಗಿನಿಂದ ಬೆಟಗೇರಿಗೆ ನಡೆಯುವ ಅಷ್ಟು ಹೊತ್ತಿನಲ್ಲಿ, ಅಪ್ಪ ಜನ್ಮದಲ್ಲಿ ಆ ದವಾಖಾನೆಯ ಮೆಟ್ಟಿಲು ಹತ್ತಬಾರದು, ಅದಕ್ಕೇನು ದಾರಿ ಎಂದು ಯೋಚಿಸಿದೆ. ಮನೆಗೆ ಬಂದವನೇ, "ಅಪ್ಪಾ, ಆ ಡಾಕ್ಟರು ಗಡಿಬಿಡಿಯೊಳಗ ಚಲೋ ಹಲ್ಲು ಕಿತ್ತಬಿಟ್ಟ" ಅಂದೆ.

ನನ್ನ ಲೆಕ್ಕ ಸ್ವಲ್ಪ ತಪ್ಪಿತು. ಅಪ್ಪ ಹೆದರಿ ಸುಮ್ಮನಾಗುವ ಬದಲು ಅಂಗಿ ಹಾಕಿಕೊಂಡು, "ಎಲ್ಲಿ ಅದಾನ ಅವ, ತೋರಿಸ್ ನಡಿ" ಅಂತ ಎದ್ದ. ನಾನು ಕಾಲು ಹಿಡಿದುಕೊಂಡೆ. "ಬ್ಯಾಡಪಾ, ದೊಡ್ಡವರ ಬಾಯಿಗೆ ಹತ್ತಬಾರದು" ಅಂತ ದೊಡ್ಡವನ ಹಾಗೆ ಬುದ್ಧಿ ಹೇಳಿದೆ. ಕೊನೆಗೆ ನನ್ನನ್ನು ಉಳಿಸಿದವಳು ಅವ್ವ. "ಹೋಗ್ಲಿ ಬಿಡ್ರಿ, ಹಲ್ಲಿನ ಡಾಕ್ಟರು ನಮ್ಮ ಮನಿಗೆ ಆಗಿಬರಂಗಿಲ್ಲ" ಅಂದಳು. ಅಷ್ಟೇ. ಪದ್ಧತಿ ಹುಟ್ಟಿತು. ಮುಂಡರಗಿಯ ಚಿಕ್ಕಪ್ಪ ತನ್ನ ಮದುವೆಯ ಫೋಟೋದಲ್ಲಿ ಒಂದೇ ಗಲ್ಲ ಉಬ್ಬಿಸಿಕೊಂಡು ನಿಂತದ್ದು ಈ ಪದ್ಧತಿಯಿಂದ. ಖಡಕ್ ರೊಟ್ಟಿಯೆಂದರೆ ಪ್ರಾಣ ಬಿಡುತ್ತಿದ್ದ ಅಪ್ಪ ಕಡೆಕಡೆಗೆ ಅದನ್ನೇ ಸಾರಿನಲ್ಲಿ ನೆನೆಸಿ, ಮೆತ್ತಗೆ ಮಾಡಿಕೊಂಡು, ಉಳಿದ ಎರಡು ಹಲ್ಲಿನಿಂದ ತಿಂದು ತೀರಿಕೊಂಡದ್ದೂ ಈ ಪದ್ಧತಿಯಿಂದ. ಪ್ರತಿ ಸಲ ನೋವಾದಾಗಲೂ ಆ ಒಳ್ಳೆಯ ಡಾಕ್ಟರಿಗೆ ಬೈಗುಳ ಬೀಳುತ್ತಿತ್ತು. ನಾನು ತಲೆ ಕೆಳಗೆ ಹಾಕಿ ಲವಂಗ ಹುಡುಕಿಕೊಡುತ್ತಿದ್ದೆ.

ಲಾಳಿ ಹಾರಿದ್ದು ಹುಡುಗಾಟಿಕೆ, ಅದನ್ನು ದೇವರು ಕ್ಷಮಿಸಿದರೂ ಕ್ಷಮಿಸಬಹುದು. ಕ್ಷಮಿಸಲಾರದ್ದು ಬೇರೆ ಇದೆ. ಸಾವಿತ್ರಿಯನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ಅವ್ವ, "ಮುಂದಿನ ಹಲ್ಲು ಒಂದು ಕಟ್ಟಿಸಿದ್ರ ಚಲೋ ಆಗತಿತ್ತು" ಅಂದಳು. ಅಪ್ಪ, "ಮತ್ತ ಆ ಕಟುಕರ ಕೈಯಾಗ ಕೊಡ್ಲೇನು?" ಅಂತ ಗುಡುಗಿದ. ತಂಗಿ ನನ್ನ ಮುಖ ನೋಡಿದಳು. ನನಗಾಗ ಇಪ್ಪತ್ತೈದು ವರ್ಷ, ಅಪ್ಪನ ಏಟಿಗೆ ಅಂಜುವ ವಯಸ್ಸು ದಾಟಿತ್ತು. ಆಗಲೂ ನಾನು ಅಂದದ್ದೇನು? "ಅಪ್ಪ ಹೇಳೂದು ಖರೆ ಐತಿ" ಅಂದೆ. ಬಂದವರ ಮುಂದೆ ತಂಗಿ ತುಟಿ ಬಿಚ್ಚದೆ ಕೂತಳು. ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಹುಡುಗಿ ಭಾಳ ಗಂಭೀರ ಅದಾಳ ಅಂತ ಅವರು ಮೆಚ್ಚಿ ಹೋದರು. ನನ್ನ ತಂಗಿಯಷ್ಟು ನಗುವ ಹುಡುಗಿ ನಮ್ಮ ಓಣಿಯಲ್ಲೇ ಇರಲಿಲ್ಲ.

ಇಷ್ಟೆಲ್ಲ ನುಂಗಿಕೊಂಡು ನಾನು ಇನ್ನೂ ಬೇಕಾದಷ್ಟು ವರ್ಷ ಆರಾಮಾಗಿ ಇರುತ್ತಿದ್ದೆ. ಶಾಲೆಗಳೆಲ್ಲ ಮುಚ್ಚಿ, ಪಾಠ ಫೋನಿನಲ್ಲಿ ನಡೆದ ಆ ವರ್ಷ ಬರದಿದ್ದರೆ. ಆಗ ನನ್ನ ಮಗಳು ಪಲ್ಲವಿ ನಾಲ್ಕನೆಯ ತರಗತಿ. ಮನೆಯಲ್ಲಿ ಇದ್ದದ್ದು ನನ್ನದೊಂದೇ ಫೋನು. ಅದನ್ನು ರೊಟ್ಟಿ ಡಬ್ಬಿಗೆ ಆನಿಸಿ ನಿಲ್ಲಿಸಿ, ಮುಂದೆ ಚಾಪೆ ಹಾಸಿ, ಅವಳನ್ನು ಕೂರಿಸಿ, ಪಕ್ಕದಲ್ಲಿ ನಾನೂ ಕೂಡುತ್ತಿದ್ದೆ. ಮಗಳ ಮೇಲೆ ನಿಗಾ ಇಡುವುದಕ್ಕೆಂದು ಹೆಂಡತಿಗೆ ಹೇಳಿದ್ದೆ. ಖರೆ ಹೇಳಬೇಕೆಂದರೆ ನನಗೇ ಶಾಲೆಗೆ ಹೋದಂತೆ ಆಗುತ್ತಿತ್ತು. ನಾನು ಏಳನೆಯ ತರಗತಿಯಲ್ಲಿ ಕಲಿತದ್ದೆಲ್ಲ ಈಗ ನಾಲ್ಕಕ್ಕೇ ಬಂದು ಕೂತಿದೆ. ಭಿನ್ನರಾಶಿ ನನಗೆ ಅರ್ಥವಾದದ್ದು ಆ ವರ್ಷವೇ. ಆದರೆ ನಮ್ಮ ಕೈಮಗ್ಗದ ಕುಣಿ ಮುಚ್ಚಿ ಅಲ್ಲಿ ಕರೆಂಟಿನ ಮಗ್ಗ ಎರಡು ಬಂದು ಬಹಳ ವರ್ಷವಾಗಿತ್ತು. ಅವು ಹೊರಟರೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಮೊದಲನೆಯ ದಿನವೇ ಮಿಸ್ಸು, "ಅದ್ಯಾರ ಮನ್ಯಾಗ ಗಿರಣಿ ನಡದೈತಿ? ಮ್ಯೂಟ್ ಮಾಡ್ರಿ!" ಅಂದರು. ಮ್ಯೂಟ್ ಮಾಡಿದೆ. ಅಂದಿನಿಂದ ನಮ್ಮ ಮನೆಯ ಸಪ್ಪಳ ಶಾಲೆಗೆ ಹೋಗಲಿಲ್ಲ, ಮಗಳ ದನಿಯೂ ಹೋಗಲಿಲ್ಲ. ಹಾಜರಿ ಕರೆದಾಗ ನಾನೇ "ಎಸ್ ಮಿಸ್" ಅಂತ ಒತ್ತಿ ಕಳಿಸುತ್ತಿದ್ದೆ. ಬರಬರುತ್ತ ಹಾಜರಿ ಮುಗಿದ ಕೂಡಲೇ ಅವಳೊಬ್ಬಳನ್ನೇ ಬಿಟ್ಟು ಮಗ್ಗಕ್ಕೆ ಎದ್ದು ಹೋಗತೊಡಗಿದೆ. ಬೇಸರವಾಗಿ ಎದ್ದಾಳು ಅಂತ ತಾಸಿಗೊಂದು ಪೆಪ್ಪರಮಿಂಟು ಕೊಡುತ್ತಿದ್ದೆ. ತಂಗಿಗೆ ಕೊಡದೆ ಉಳಿಸಿಕೊಂಡ ನಾಲ್ಕು ದಿನದ್ದನ್ನೂ ಸೇರಿಸಿ ಮಗಳಿಗೆ ಕೊಟ್ಟೆನೆಂದು ಕಾಣುತ್ತದೆ.

ಹುಡುಗಿ ಎಷ್ಟು ಸಮಾಧಾನದಿಂದ ಕೂಡುತ್ತಾಳೆ ಅಂತ ನಾನು ಓಣಿಯವರ ಮುಂದೆ ಹೆಮ್ಮೆಪಡುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ, ತಂಟೆಯಿಲ್ಲ. ಒಂದು ದಿನ ಮಿಸ್ಸೇ ಫೋನ್ ಮಾಡಿದರು. ಮಗ್ಗದ ಸಪ್ಪಳಕ್ಕೆ ಕೇಳದೆಂದು ಹೊರಗೆ ಹೋಗಿ ಎತ್ತಿದೆ. "ಪಲ್ಲವಿ ತಂದಿ ಏನ್ರಿ? ಹದಿನೈದು ದಿನಾತ್ರಿ, ಪದ್ಯ ಹೇಳಂದ್ರ ನೆಟ್ ಇಲ್ಲ ಅಂತ ಬರದು ಕಳಿಸ್ತಾಳ. ನೆಟ್ ಇಲ್ಲದಾಕಿ ಅದನ್ನ ಹೆಂಗ ಕಳಿಸ್ತಾಳ್ರಿ?" ಅಂದರು. ನಾನು ಒಳಗೆ ಬಂದು ಮಗ್ಗ ನಿಲ್ಲಿಸಿದೆ. ಮನೆ ಒಮ್ಮೆಲೆ ಸುಮ್ಮನಾದಾಗ ಒಳಗಿನಿಂದ ಸಣ್ಣಗೆ ನರಳುವುದು ಕೇಳಿಸಿತು. ಹೆಂಡತಿ ರೇಣುಕಾ ಹೋಗಿ ಹೊದಿಕೆ ತೆಗೆದು ನೋಡಿದರೆ, ಮಗಳು ಬಲಗಲ್ಲ ದಿಂಬಿಗೆ ಒತ್ತಿಕೊಂಡು ಮಲಗಿದ್ದಳು. ಗಲ್ಲ ಬಾತು ಕಣ್ಣಿನ ತನಕ ಬಂದಿತ್ತು. ತನ್ನ ಅವ್ವನಿಗೆ ಹಸಿವಿಲ್ಲ ಅಂದಿದ್ದಳು, ಮಿಸ್ಸಿಗೆ ನೆಟ್ ಇಲ್ಲ ಅಂದಿದ್ದಳು, ನನಗೆ ಏನೂ ಅನ್ನಬೇಕಾಗಿಯೇ ಇರಲಿಲ್ಲ. ಮುಚ್ಚಿಡುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸದೆ ಅವಳು ಕಲಿತಿದ್ದಳು.

"ನಡಿ, ದವಾಖಾನಿಗೆ" ಅಂದೆ.

"ಹಲ್ಲಿನ ಡಾಕ್ಟರ ಕಡೆ ನಾ ಬರಂಗಿಲ್ಲ! ಅತ್ತಿದು ಚಲೋ ಹಲ್ಲು ಕಿತ್ತಾರಲ್ಲ ಅವರು! ನಮಗ ಆಗಿಬರಂಗಿಲ್ಲ!" ಅಂತ ಕಿರುಚಿ ಕಂಬ ಹಿಡಿದುಕೊಂಡಳು.

ಕಂಬ ಬಿಡಿಸಲು ನಾವಿಬ್ಬರೂ ಸೇರಿ ಜಗ್ಗಿದರೂ ಆಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ರೇಣುಕಾ ಸೋತು ಕೂತಳು. "ನಿಮ್ಮ ತಂಗಿಗೇ ಫೋನ್ ಹಚ್ರಿ. ಹಲ್ಲು ಕಿತ್ತಿಸ್ಕೊಂಡಾಕಿ ಆಕಿ. ಏನೂ ಆಗಂಗಿಲ್ಲ ಅಂತ ಆಕಿ ಒಂದು ಮಾತು ಹೇಳಿದ್ರ ಕೂಸು ಕೇಳೀತು" ಅಂದಳು. ಬೇರೆ ದಾರಿ ಇರಲಿಲ್ಲ. ಹಚ್ಚಿದೆ. ರೇಣುಕಾ ಕೈಚಾಚಿ ಸ್ಪೀಕರ್ ಒತ್ತಿದಳು. ಸಾವಿತ್ರಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಯಾವುದು ಹೇಳ್ಲಿ ಅಣ್ಣಾ? ಆಗಿದ್ದು ಹೇಳ್ಲೋ, ನೀ ಹೇಳಿದ್ದು ಹೇಳ್ಲೋ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ನೆವ ಸಿಗುತ್ತಿತ್ತು. ಕಂಬ ಹಿಡಿದ ಮಗಳು ನನ್ನನ್ನು ನೋಡುತ್ತಿದ್ದಳು, ರೇಣುಕಾ ನೋಡುತ್ತಿದ್ದಳು. ನಾನು ನೆಲ ನೋಡುತ್ತ, ಹಗ್ಗ ಜಗ್ಗಿದ್ದು, ಲಾಳಿ ಹಾರಿದ್ದು, ನಲ್ಲಿಯ ಕಟ್ಟೆ, ಡಾಕ್ಟರು ಅಪ್ಪನನ್ನು ಕರೆದದ್ದು, ನಾನು ಬಂದು ಹೇಳಿದ್ದು, ಎಲ್ಲವನ್ನೂ ಒದರಿಬಿಟ್ಟೆ. ಮಗ್ಗ ನಡೆದಿದ್ದರೆ ಚೆನ್ನಾಗಿತ್ತು, ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಆದರೆ ಅವನ್ನು ನಾನೇ ನಿಲ್ಲಿಸಿದ್ದೆ.

"ಪಾಪ ಆ ಡಾಕ್ಟರು" ಅಂದಳು ಸಾವಿತ್ರಿ. "ಸೂಜಿ ಚುಚ್ಚೂವಾಗ ನನಗ ಗುಬ್ಬಿ ಕತಿ ಹೇಳಿದ್ರು ಪಲ್ಲೂ. ಗುಬ್ಬಿ ಮನಿ ಕಟ್ಟೂದ್ರಾಗ ಹಲ್ಲು ಹೊರಗ ಬಂದಿತ್ತು. ನೋವ ಆಗ್ಲಿಲ್ಲ. ಅಷ್ಟು ಚಲೋ ಮನಶ್ಯಾಗ ನಮ್ಮ ಮನ್ಯಾಗ ಮೂವತ್ತು ವರ್ಷ ಬೈದೇವಿ."

"ತಪ್ಪಾತವ್ವಾ" ಅಂದೆ.

"ಇದನ್ನ ಅಪ್ಪ ಇದ್ದಾಗ ಹೇಳಿದ್ರ ಎರಡು ಏಟಿಗೆ ಮುಗೀತಿತ್ತು" ಅಂದಳು. "ಅಂವ ಆದ್ರೂ ಕಡಿತನಕ ರೊಟ್ಟಿ ಕಡದು ತಿಂತಿದ್ದ."

ಅವಳು ತನ್ನ ಹಲ್ಲಿನ ಮಾತು ತೆಗೆಯಲಿಲ್ಲ. ಅಪ್ಪನ ಹಲ್ಲಿನ ಮಾತು ತೆಗೆದಳು. ನಾನು ಇಷ್ಟು ವರ್ಷ ತಂಗಿಯೊಬ್ಬಳ ಎದುರು ತಪ್ಪು ಮಾಡಿದ್ದೇನೆಂದು ತಿಳಿದಿದ್ದೆ. ನನ್ನ ತಪ್ಪು ಎಷ್ಟು ಅಗಲ ಇದೆ ಅನ್ನುವುದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಪಲ್ಲವಿ ಕಂಬ ಬಿಟ್ಟಳು. ಆದರೆ ಒಂದು ಕರಾರು ಹಾಕಿದಳು. "ಅತ್ತಿ ಬರಬೇಕು. ಮತ್ತ ನೀ ಮೊದ್ಲ ಬಾಯಿ ತೋರಸ್ಬೇಕು." ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ, ಉಳಿಯುವ ಕಾರಣವೂ ಇರಲಿಲ್ಲ. ಸಾವಿತ್ರಿ ಮರುದಿನ ಮುಂಜಾನೆ ಲಕ್ಷ್ಮೇಶ್ವರದ ಗಂಡನ ಮನೆಯಿಂದ ಮೊದಲ ಬಸ್ಸಿಗೇ ಬಂದಳು. ನಾಲ್ವರೂ ಆಟೋದಲ್ಲಿ ಗದಗಿಗೆ ಹೋದೆವು. ಹಳೆಯ ಡಾಕ್ಟರು ಯಾವಾಗಲೋ ತೀರಿಹೋಗಿದ್ದರು. ಇವರು ಬೇರೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ರೋಗದ ಕಾಲವಾದ್ದರಿಂದ ಮೈತುಂಬ ಬಿಳಿ ಕವಚ, ಮುಖಕ್ಕೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಚಂದ್ರಲೋಕಕ್ಕೆ ಹೊರಟವರಂತೆ ಇದ್ದರು. ಅವರನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಮಗಳು ಹಿಂದಿನಿಂದ ನೂಕಿ, "ಕುಂಡ್ರಪಾ" ಅಂದಳು. ಕೂತೆ. ಕುರ್ಚಿ ಹಿಂದಕ್ಕೆ ವಾಲಿತು. ಮೇಲಿನ ದೀಪ ನೇರ ಬಾಯೊಳಗೆ ಬಿತ್ತು. ಡಾಕ್ಟರು ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ದಿವಸದಿಂದ ನೋವು ಐತ್ರಿ ನಿಮಗ?" ಅಂದರು.

"ಮೊನ್ನೆಯಿಂದ್ರಿ" ಅಂದೆ.

ಯಾಕೆ ಹಾಗಂದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಹಿಂದಿನ ದಿನವಷ್ಟೇ ಇಡೀ ಮನೆಯ ಮುಂದೆ ನೆಲ ನೋಡುತ್ತ ನಿಂತು ಖರೆ ಹೇಳಿದವನು ನಾನು. ಒಮ್ಮೆ ಹೇಳಿದರೆ ರೂಢಿಯಾಗುತ್ತದೆ ಅಂದುಕೊಂಡಿದ್ದೆ.

"ಇಲ್ರೀ ಡಾಕ್ಟರ್!" ಬಾತ ಗಲ್ಲ ಹೊತ್ತುಕೊಂಡೇ ಮಗಳು ಮುಂದೆ ಬಂದಳು. "ಸುಳ್ಳ ಹೇಳಾಕ ಹತ್ಯಾನ್ರಿ. ನಾ ಹುಟ್ಟಿದಾಗಿಂದ ನಮ್ಮಪ್ಪ ಎಡಕ್ಕಷ್ಟ ಅಗೀತಾನ್ರಿ. ತಣ್ಣನ್ ನೀರು ಕುಡದ್ರ ಅಯ್ಯೋ ಅಂತಾನ್ರಿ. ಕೇಳಿದ್ರ ಬಿಕ್ಕಳಿಕಿ ಬಂತು ಅಂತಾನ್ರಿ."

ಡಾಕ್ಟರು ನಕ್ಕರು. ಬೆಂಚಿನ ಮೇಲೆ ಕೂತ ರೇಣುಕಾ ನಗಲಿಲ್ಲ. ಬಿಕ್ಕಳಿಕೆಗೆಂದು ಅವಳು ನನಗೆ ವರ್ಷಗಟ್ಟಲೆ ಜೀರಿಗೆ ಕಷಾಯ ಮಾಡಿಕೊಟ್ಟಿದ್ದಳು. "ನೀನರ ಖರೆ ಹೇಳ್ತೀ ಏನವಾ? ನಿಂಗ ಎಲ್ಲಿ ನೋವು?" ಅಂತ ಡಾಕ್ಟರು ಪಲ್ಲವಿಯನ್ನು ಕೇಳಿದರು. ಅಪ್ಪನನ್ನು ಈಗಷ್ಟೇ ಹಿಡಿದುಕೊಟ್ಟ ಹುಡುಗಿಗೆ ಈಗ ಹಿಂದೆ ಸರಿಯಲು ಬರುವಂತಿರಲಿಲ್ಲ. ನಾನು ಎದ್ದ ಕುರ್ಚಿ ಹತ್ತಿ ಕೂತು, ಬಾಯಿ ತೆಗೆದು, ಬೆರಳಿಟ್ಟು ತೋರಿಸಿದಳು. ಅದು ಹಾಲುಹಲ್ಲು, ಒಳಗೆ ಬಾವು ಆಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಬಾವು ಗಂಟಲಿಗೆ ಇಳಿದು ಕೂಸಿನ ಜೀವಕ್ಕೇ ಬರುತ್ತಿತ್ತು ಅಂತ ಡಾಕ್ಟರು ನನಗೊಬ್ಬನಿಗೇ ಕೇಳುವಂತೆ ಹೇಳಿದರು. ಗುಳಿಗೆ ಕೊಟ್ಟು, ಬಾವು ಇಳಿದ ಮೇಲೆ ಬರಲು ಹೇಳಿ, ಐದನೆಯ ದಿನ ತೆಗೆದರು. ಅತ್ತೆಯ ಕೈ ಹಿಡಿದುಕೊಂಡು ಮಗಳು ಕಣ್ಣು ಮುಚ್ಚಿ ಕೂತಿದ್ದಳು. ನಾನು ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಒಳಗೆ ಇರಲು ನನ್ನನ್ನು ಯಾರೂ ಕರೆಯಲಿಲ್ಲ.

ಅಂದೇ ಮೆಟ್ಟಿಲು ಇಳಿಯುವಾಗ ಧೈರ್ಯ ಮಾಡಿ ತಂಗಿಗೆ ಕೇಳಿದೆ. "ನಿನಗೂ ಮುಂದಿನ ಹಲ್ಲು ಒಂದು ಕಟ್ಟಿಸೂಣೇನು? ಈಗ ಭಾಳ ಚಲೋ ಕಟ್ತಾರಂತ."

ಅವಳು ಪಲ್ಲವಿಯ ತಲೆ ನೇವರಿಸುತ್ತ ಹೇಳಿದಳು. "ಈಗ್ಯಾಕಣ್ಣಾ? ನೋಡಾಕ ಬರಾವ್ರು ಬಂದು ಹೋಗಿ ಭಾಳ ವರ್ಷಾತು. ನೀ ನಿನ್ನವು ನೋಡ್ಕೋ, ಡಾಕ್ಟರು ಏನೇನೋ ಬರ್ಕೊಂತಿದ್ರು."

ಬರೆದುಕೊಂಡದ್ದು ಐದು ಹಲ್ಲು. ಮಗಳದ್ದು ಎರಡು ಸಲಕ್ಕೆ ಮುಗಿದುಹೋಯಿತು, ಅಲ್ಲಿ ಈಗ ಹೊಸ ಹಲ್ಲು ಬಂದು ಗಟ್ಟಿ ಶೇಂಗಾ ಕಡಿಯುತ್ತಾಳೆ. ನನ್ನದು ಇಷ್ಟು ವರ್ಷವಾದರೂ ಮುಗಿದಿಲ್ಲ. ಒಂದು ಸರಿಯಾಗುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ. ಮುಂಡರಗಿಯ ಚಿಕ್ಕಪ್ಪನಿಗೂ ವಿಷಯ ಹೇಳಿ ಕರೆದುಕೊಂಡು ಹೋಗಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಹೊರಡುವ ದಿನ ಏನಾದರೂ ಅಡ್ಡ ಬರುತ್ತದೆ, ಅದು ಏನೆಂದು ನೀವು ಕೇಳಬೇಡಿ. ಆರು ತಿಂಗಳಿಗೊಮ್ಮೆ ಆ ಕುರ್ಚಿಯ ಮೇಲೆ ಕೂತಾಗ ಡಾಕ್ಟರು ಬಾಯೊಳಗೆ ದೀಪ ಬಿಟ್ಟು, "ದಿನಾ ಎರಡು ಸಲ ತಿಕ್ತೀರಿಲ್ರಿ?" ಅಂತ ಕೇಳುತ್ತಾರೆ. ಉತ್ತರ ಕೊಡುವ ಮೊದಲು ನಾನು ಸ್ವಲ್ಪ ತಲೆ ಎತ್ತಿ, ಮಗಳು ಜೊತೆಗೆ ಬಂದಿದ್ದಾಳೋ ಇಲ್ಲವೋ ನೋಡಿಕೊಳ್ಳುತ್ತೇನೆ.